ಎಷ್ಟದ?

ಇಪ್ಪತ್ತಾರು ವರ್ಷ
ಹುಮನಾಬಾದ ತಹಶೀಲ ಕಚೇರಿ ಹಿಂದ
ಮುಂಜಾನಿ ಎಂಟೂವರಿಗೆ
ಮಳಿಮಾಪಕದ ಮುಚ್ಚಳ ತೆಗೆದು ನೋಡೋದು ನನ್ನ ನೌಕರಿ.
ಖಾಲಿ ಇದ್ರ ಒಂದು ಸೊನ್ನಿ, ಒಂದು ಚುಕ್ಕಿ, ಮತ್ತೊಂದು ಸೊನ್ನಿ.
ಸೊನ್ನಿ ಬರೆದು ಬರೆದೇ ಇಬ್ಬರು ಮಕ್ಕಳ ಫೀಜು ತುಂಬೀನಿ.

ತುಂಬಿದ ರಜಿಸ್ಟರ್ ಬೀದರಕ್ಕ ಹೋಗ್ತಿತ್ತು.
ಅಲ್ಲಿಂದ ಎಲ್ಲಿಗೋ.
ಹೋದದ್ದು ಒಂದೂ ತಿರುಗಿ ಬಂದು
"ತಿಮೋಥಿ, ಛಲೋ ಬರದಿ" ಅಂದಿಲ್ಲ.
ಈಗ ಅಲ್ಲಿ ತಂತಿಬೇಲಿ ಒಳಗ ಬಿಳಿ ಕಂಬ ನಿಂತದ,
ತಾನೇ ಅಳೀತದ, ತಾನೇ ಹೇಳ್ತದ,
ಚಹಾಕ್ಕಂತ ಎದ್ದು ಹೋಗಂಗಿಲ್ಲ.

ರಿಟೈರ್ ಆದ ಮರುವರ್ಷ ಜನವರಿ ಒಂದಕ್ಕ
ದಯಾಮಣಿ ಟ್ರಂಕಿನ್ಯಾಗಿಂದ ಸೂಜಿ ತೆಗೆದ್ಳು,
ಮಿಷನ್ ದವಾಖಾನಿ ಸಿಸ್ಟರ್ ಕೊಟ್ಟ ಎಂಟು ನಂಬರಿನ ಸೂಜಿ.
ಹಿತ್ತಲ ನುಗ್ಗಿ ಗಿಡಕ್ಕ ಥರ್ಮಾಮೀಟರ್ ಕಟ್ಟಿ
"ಮಧ್ಯಾಹ್ನ ಮೂರಕ್ಕ ಎಷ್ಟದ ಹೇಳ್ರಿ,
ದಿನಾ ಒಂದು ಸಾಲು ಹೆಣಿತೀನಿ" ಅಂದ್ಳು.
ಇಪ್ಪತ್ತೈದರ ಕೆಳಗ ನೀಲಿ.
ಮೂವತ್ತರ ತನಕ ಹಸಿರು, ಅದರ ಮುಂದ ಅರಿಷಿಣ,
ಮೂವತ್ತೈದು ದಾಟಿದ್ರ ಇಟ್ಟಂಗಿ ಬಣ್ಣ,
ನಲವತ್ತು ದಾಟಿದ್ರ ಕೆಂಪು.
ಬಾಜೂ ಮನಿ ಮಹಬೂಬಿ ಕೇಳಿದ್ಳು,
"ಯಾರಿಗ್ರೀ ಇದು, ಮೊಮ್ಮಗಗೇನು?"
"ಇಲ್ಲ, ಈ ವರ್ಷಕ್ಕ."

ಜನವರಿ ಪೂರಾ ಹಸಿರಾಗೇ ಹೋಯ್ತು.
ನಮ್ಮಲ್ಲಿ ಥಂಡಿ ಅನ್ನೋದು ನಸಿಕಿನ್ಯಾಗ ಬಂದು
ಮೂರರೊಳಗ ಹೊಂಟು ಹೋಗ್ತದ.
ನೀಲಿ ಉಂಡಿ ಕಟ್ಟೂ ಬಿಚ್ಚದೆ ಬುಟ್ಟ್ಯಾಗ ಕುಂತಿತ್ತು.

ಏಪ್ರಿಲ್ ಮುಗಿಯೋದ್ರಾಗ ಕೆಂಪು ಖಾಲಿ.
ಅಂಗಡಿ ಝರಣಪ್ಪ ನಕ್ಕ,
"ಅಕ್ಕಾರ, ಇಂಥ ಬಿಸಲಾಗ ಉಣ್ಣಿ ಯಾರು ಕೇಳ್ತಾರ?
ದಸರಾ ಆದ ಮ್ಯಾಲ ಬರ್ರಿ."
ಮನಿಗಿ ಬಂದಾಕಿ ನನ್ನ ಕೆಂಪು ಮಂಕಿಟೊಪ್ಪಿಗಿ ಬಿಚ್ಚಿದ್ಳು.
ಮದುವಿ ಆದ ವರ್ಷ ಆಕಿನೇ ಹೆಣೆದದ್ದು,
ಡಿಸೆಂಬರ್ ಮುಂಜಾನಿ ಅದನ್ನೇ ಹಾಕ್ಕೊಂಡು ನಾ
ಖಾಲಿ ಮಾಪಕ ನೋಡ್ಲಾಕ ಹೋಗ್ತಿದ್ದೆ.
ಬಿಚ್ಚಿದ ದಾರ ಗುಂಗುರಗುಂಗುರ,
ನನ್ನ ಕಿವಿ, ನನ್ನ ಗದ್ದ ಇನ್ನೂ ಮರ್ತಿರಲಿಲ್ಲ.
ಅದೀಗ ನಲವತ್ತೆರಡು ಡಿಗ್ರಿ ಆಗ್ಯದ.
ಬಕೆಟ್ ನೀರಿನ್ಯಾಗ ಕಾಲಿಟ್ಟು,
ತೊಡಿ ಮ್ಯಾಲ ನಾಕು ತಿಂಗಳ ಹವಾ ಇಟ್ಕೊಂಡು
ಹೆಣೆದ್ಳು.

ಜೂನಿನ್ಯಾಗ ಒಂದು ದಿನ ನನಗ ಮಣಕಾಲ ನೋವು.
"ಎಷ್ಟದ?" ಅಡಗಿಮನಿಯಿಂದ.
ಹೊರಸಿನ ಮ್ಯಾಲಿಂದ ಏಳದೇ ಅಂದೆ, "ಮೂವತ್ತೆಂಟು."
ಇಟ್ಟಂಗಿ ದಾರ ತಗೊಂಡು ಅರ್ಧ ಸಾಲು ಹೆಣೆದ್ಳು.
ನಿಂತ್ಳು. ಹಿತ್ತಲಕ್ಕ ಹೋಗಿ ಬಂದ್ಳು.
ಅರ್ಧ ಸಾಲು ಬಿಚ್ಚೋ ಸಪ್ಪಳ,
ಇಲಿ ಕಾಗದ ಕಡದಂಗ.
"ಮೂವತ್ತೊಂದದ," ಅಂದ್ಳು.
ಸ್ವಲ್ಪ ತಡದು:
"ಕಚೇರ್ಯಾಗೂ ಹಿಂಗೇ ಬರೀತಿದ್ರೇನು?"

ಎಷ್ಟು ಸಲ ಅಂತ ಎಣಿಸ್ಲಿ.
ಜ್ವರ ಬಂದಾಗ. ತಮ್ಮನ ಲಗ್ನದಾಗ.
ಸಾಹೇಬರು ರಜಾದಾಗ ಇದ್ರ, ಸುಮ್ಮನ.
ಮಗಳು ಹುಟ್ಟಿದ ದಿನ
ದವಾಖಾನಿ ಕಟ್ಟಿ ಮ್ಯಾಲ ಕುಂತು
ನಾಕು ಪಾಯಿಂಟ್ ಎರಡು ಅಂತ ಬರ್ದು ಕಳಿಸಿದ್ದೆ.
"ಅವತ್ತು ಮಳಿ ಆಗಿತ್ತೋ ಇಲ್ಲೋ,
ಸರಕಾರಕ್ಕ ಗೊತ್ತದ, ನನಗ ಗೊತ್ತಿಲ್ಲ," ಅಂದೆ.

"ಆಗಿರಲಿಲ್ಲ," ಅಂದ್ಳು ದಯಾಮಣಿ,
ಸೂಜಿ ಮ್ಯಾಲಿನ ಕಣ್ಣು ಎತ್ತದೇ.
"ಕಿಡಕ್ಯಾಗ ಬಿಸಲಿತ್ತು. ಕೂಸಿನ ಮಾರಿ ಮ್ಯಾಲ ಬೀಳ್ತದಂತ
ನರ್ಸ್ ಪರದಾ ಎಳದಿದ್ಳು.
ಪರದಾಕ್ಕ ಎರಡು ತೂತು ಇದ್ವು."

ಬೀದರದಾಗೋ ಬೆಂಗಳೂರಾಗೋ
ಯಾವುದೋ ಕಪಾಟಿನ್ಯಾಗ
ಆ ಬಿಸಲಿನ ಮ್ಯಾಲ ಇನ್ನೂ
ನನ್ನ ನಾಕು ಪಾಯಿಂಟ್ ಎರಡು ಮಳಿ ಬೀಳ್ಲತ್ತದ.
ಅದನ್ನ ಬಿಚ್ಚೋರು ಯಾರು?

ಅವತ್ತಿನಿಂದ ಕುಂಟಕೋತ ಆದ್ರೂ ನಾನೇ ಹೋಗ್ತೀನಿ,
ಬಗ್ಗಿ, ಚಷ್ಮಾ ಒರೆಸಿ, ಎರಡು ಸಲ ನೋಡ್ತೀನಿ.

ಶ್ರಾವಣ ಬಂದದ. ಮೂರು ದಿನದಿಂದ ಮಾಡ ಹರದಿಲ್ಲ,
ನುಗ್ಗಿ ಗಿಡದ ಬುಡಕ್ಕ ನೀರು ನಿಂತದ.
"ಎಷ್ಟದ?"
"ಇಪ್ಪತ್ನಾಕು."
ನನ್ನ ಮಾರಿ ನೋಡ್ಲಿಲ್ಲ.
ಚಪ್ಪಲಿ ನೋಡಿದ್ಳು.
ಕೆಸರಾಗಿತ್ತು.
ನೀಲಿ ಉಂಡಿಗಿ ಕೈ ಹಾಕಿದ್ಳು.